‘ಮಿಸ್, ಇದು ಕೂಡೋದಾ, ಕಳೆಯೋದಾ?’ – ಹೇಳಿಕೆ ಲೆಕ್ಕಗಳನ್ನು ಕಲಿಸುವ ಬಗೆ

ಗಣಿತ ವಿಷಯದಲ್ಲಿ ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳೆಲ್ಲರೂ ಈ ಪ್ರಶ್ನೆಯನ್ನು ಕೇಳಿಸಿಕೊಂಡಿರುತ್ತಾರೆ. ಕಪ್ಪುಹಲಗೆಯ ಮೇಲೆ ಹೇಳಿಕೆ ಲೆಕ್ಕವೊಂದನ್ನು ಬರೆದು ಇತ್ತ ತಿರುಗುವಷ್ಟರಲ್ಲಿ, ಪೂರ್ತಿ ಓದುವುದಕ್ಕೂ ಮೊದಲೇ, ಮಕ್ಕಳು ಕೇಳುತ್ತಾರೆ: "ಮಿಸ್, ಇದು ಕೂಡೋದಾ, ಕಳೆಯೋದಾ?" ‘ಕೂಡೋದು’ ಎಂದರೆ ಸಾಕು, ತರಗತಿ ಕೆಲಸಕ್ಕೆ ಇಳಿಯುತ್ತದೆ. ಐದು ನಿಮಿಷದಲ್ಲಿ ಎಲ್ಲರ ಪುಸ್ತಕದಲ್ಲೂ ಸರಿಯುತ್ತರ. ನಮ್ಮ ಪಾಠಯೋಜನೆಯ ಮೌಲ್ಯಮಾಪನದ ಕಾಲಂ ಕೂಡ ತುಂಬುತ್ತದೆ.

ಆದರೆ ಆ ಒಂದು ಪದದ ಉತ್ತರದಲ್ಲಿ ಗಣಿತವನ್ನೆಲ್ಲ ನಾವೇ ಮಾಡಿ ಮುಗಿಸಿರುತ್ತೇವೆ. ಯಾವ ಕ್ರಿಯೆ, ಏಕೆ ಎಂಬುದನ್ನು ನಿರ್ಧರಿಸುವುದೇ ಹೇಳಿಕೆ ಲೆಕ್ಕದ ತಿರುಳು. ಉಳಿದದ್ದು ಮಕ್ಕಳು ನಾಲ್ಕನೇ ತರಗತಿಯಲ್ಲೇ ಕಲಿತ ಸಂಕಲನ. ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆರನೇ ತರಗತಿಯಲ್ಲಿ ನಾನು ಮಾಡಿದ ಒಂದು ‘ಒಳ್ಳೆಯ’ ಪಾಠದಿಂದ ಮತ್ತು ಒಬ್ಬ ವಿದ್ಯಾರ್ಥಿನಿಯ ಬಗ್ಗೆ ನಾನು ಬರೆದ ಒಂದು ತಪ್ಪು ಷರಾದಿಂದ. ಆ ಎರಡನ್ನೂ ಇಟ್ಟುಕೊಂಡು, ಹೇಳಿಕೆ ಲೆಕ್ಕಗಳಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ನಾವು ಏನು ಮಾಡಬಹುದು ಎಂಬುದನ್ನು ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಸುಳಿವು ಪದಗಳ ಚಾರ್ಟ್

ಆ ಪಾಠಕ್ಕೆ ನಾನು ಸಿದ್ಧಪಡಿಸಿದ್ದ ಕಲಿಕೋಪಕರಣ ಒಂದು ಬಣ್ಣದ ಚಾರ್ಟ್. ‘ಒಟ್ಟು, ಸೇರಿಸಿದರೆ, ಹೆಚ್ಚು’ ಇದ್ದರೆ ಸಂಕಲನ. ‘ಉಳಿದ, ಕಡಿಮೆ, ಖರ್ಚು, ವ್ಯತ್ಯಾಸ’ ಇದ್ದರೆ ವ್ಯವಕಲನ. ‘ಪ್ರತಿ, ಪಟ್ಟು’ ಇದ್ದರೆ ಗುಣಾಕಾರ. ‘ಸಮನಾಗಿ ಹಂಚಿದರೆ’ ಇದ್ದರೆ ಭಾಗಾಕಾರ. ನಾನು ಶಾಲೆಯಲ್ಲಿ ಕಲಿತದ್ದೂ ಹೀಗೆಯೇ. ಮಕ್ಕಳು ಚಾರ್ಟ್ ನೋಡಿ ನೋಡಿ ಲೆಕ್ಕ ಬಿಡಿಸಿದರು. ಕೊನೆಯಲ್ಲಿ ಕೊಟ್ಟ ಐದು ಲೆಕ್ಕಗಳಲ್ಲಿ ಹೆಚ್ಚಿನವರಿಗೆ ನಾಲ್ಕು ಸರಿ ಬಂತು. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ನಮೂನೆಯಲ್ಲಿ ಒಳ್ಳೆಯ ಅಂಕಗಳನ್ನೇ ಕೊಟ್ಟರು. ಹೊರಡುವಾಗ ಮಾತ್ರ, "ಚಾರ್ಟ್ ಚೆನ್ನಾಗಿದೆಯಮ್ಮ. ನಾಳೆ ಅದನ್ನು ತೆಗೆದಿಟ್ಟು, ಪದಗಳನ್ನು ಅದಲುಬದಲು ಮಾಡಿ ಲೆಕ್ಕ ಕೊಟ್ಟು ನೋಡಿ" ಎಂದರು.

ಮರುದಿನ ಎರಡು ಲೆಕ್ಕ ಕೊಟ್ಟೆ.

ಒಂದು: ಗಂಗಾ ತನ್ನ ಬಳಿಯಿದ್ದ ಹಣದಲ್ಲಿ 85 ರೂಪಾಯಿ ಖರ್ಚು ಮಾಡಿದಳು. ಈಗ 140 ರೂಪಾಯಿ ಉಳಿದಿದೆ. ಮೊದಲು ಅವಳ ಬಳಿ ಎಷ್ಟು ಹಣವಿತ್ತು?

ಎರಡು: ಮೂರು ಚೀಲಗಳಲ್ಲಿ ಒಟ್ಟು 150 ಕಿಲೋ ರಾಗಿ ಇದೆ. ಎಲ್ಲ ಚೀಲಗಳೂ ಒಂದೇ ತೂಕದವು. ಒಂದು ಚೀಲದಲ್ಲಿ ಎಷ್ಟಿದೆ?

ಮೊದಲನೆಯದಕ್ಕೆ ತರಗತಿಯ ಬಹುಪಾಲು ಮಕ್ಕಳ ಉತ್ತರ 55. ‘ಖರ್ಚು’, ‘ಉಳಿದ’ ಎಂಬ ಎರಡೆರಡು ಸುಳಿವು ಇರುವಾಗ ಕಳೆಯದೆ ಇನ್ನೇನು ಮಾಡುತ್ತಾರೆ? ಎರಡನೆಯದಕ್ಕೆ ಕೆಲವರು 153 ಎಂದು ಬರೆದಿದ್ದರು, ‘ಒಟ್ಟು’ ಇದೆಯಲ್ಲ. ಮಕ್ಕಳು ನಾನು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ತಪ್ಪು ನನ್ನ ಚಾರ್ಟಿನದು.

ಸುಳಿವು ಪದಗಳು ಅರ್ಧ ಸತ್ಯ. ಪಠ್ಯದ ಸರಳ ಲೆಕ್ಕಗಳಲ್ಲಿ ಅವು ಕೈ ಹಿಡಿಯುತ್ತವೆ, ಅದರಿಂದಲೇ ಅವುಗಳ ಮೇಲೆ ನಂಬಿಕೆ ಬೆಳೆಯುತ್ತದೆ. ಆದರೆ ಪದವು ಕಥೆಯಲ್ಲಿ ಏನು ನಡೆಯಿತು ಎಂಬುದನ್ನು ಹೇಳುತ್ತದೆಯೇ ಹೊರತು, ಯಾವುದು ಗೊತ್ತಿಲ್ಲ ಎಂಬುದನ್ನು ಹೇಳುವುದಿಲ್ಲ. ಗಂಗಾಳ ಕಥೆಯಲ್ಲಿ ಹಣ ಕಡಿಮೆಯಾದದ್ದು ನಿಜ. ಆದರೆ ಕೇಳಿರುವುದು ಆರಂಭದ ಹಣ, ಹಾಗಾಗಿ ಕಥೆಯನ್ನು ಹಿಂದಕ್ಕೆ ನಡೆಸಬೇಕು: 140 + 85 = 225.

ಕುರಿಗಾಹಿಯ ವಯಸ್ಸು

ಈ ಸಮಸ್ಯೆ ನಮ್ಮ ಊರಿನ ಮಕ್ಕಳದಷ್ಟೇ ಅಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೀಗೊಂದು ಲೆಕ್ಕ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿ, 10 ಮೇಕೆಗಳಿವೆ, ಹಡಗಿನ ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಸಂಖ್ಯೆಗಳನ್ನು ಬಳಸಿ ಉತ್ತರ ಬರೆದರು. ಅಮೆರಿಕದಲ್ಲಿ 1983ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದವರಿಗೆ ಕೇಳಿದ ಪ್ರಶ್ನೆಯೂ ಪ್ರಸಿದ್ಧ: ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು, 1,128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಹತ್ತರಲ್ಲಿ ಸುಮಾರು ಏಳು ಮಂದಿ ಭಾಗಾಕಾರ ಸರಿಯಾಗಿ ಮಾಡಿದ್ದರೂ, 32 ಎಂದು ಉತ್ತರಿಸಿದವರು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಹಲವರು ‘31, ಶೇಷ 12’ ಎಂದೇ ಬರೆದಿದ್ದರು. ಶೇಷ 12 ಬಸ್ಸಿನಲ್ಲಿ ಯಾರೂ ಪ್ರಯಾಣ ಮಾಡಲಾರರು.

ನಾನೂ ತರಗತಿಯಲ್ಲಿ ಕೇಳಿದೆ: "ಒಬ್ಬ ಕುರಿಗಾಹಿಯ ಹತ್ತಿರ 24 ಕುರಿ, 8 ಮೇಕೆ ಇವೆ. ಕುರಿಗಾಹಿಯ ವಯಸ್ಸೆಷ್ಟು?" ಬಂದ ಉತ್ತರ 32. ಹೇಗೆ ಎಂದು ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, "ಕಳೆದ್ರೆ ಹದಿನಾರಾಗ್ತದೆ ಮಿಸ್, ಅಷ್ಟು ಚಿಕ್ಕವನು ಇಷ್ಟೊಂದು ಕುರಿ ಕಾಯಲ್ಲ. ಗುಣಿಸಿದ್ರೆ ನೂರತೊಂಬತ್ತೆರಡು, ಅಷ್ಟು ದಿನ ಯಾರೂ ಬದುಕಲ್ಲ. ಭಾಗಿಸಿದ್ರೆ ಮೂರು. ಅದಕ್ಕೆ ಕೂಡಿದೆ" ಎಂದ.

ಆ ಹುಡುಗ ದಡ್ಡನಲ್ಲ. ನಾಲ್ಕು ಕ್ರಿಯೆಗಳನ್ನೂ ಮನಸ್ಸಿನಲ್ಲೇ ಮಾಡಿ, ವಾಸ್ತವಕ್ಕೆ ಒಪ್ಪುವ ಉತ್ತರವನ್ನು ಆರಿಸಿದ್ದಾನೆ. ‘ಈ ಲೆಕ್ಕಕ್ಕೆ ಉತ್ತರವೇ ಇಲ್ಲ’ ಎನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಏಕೆಂದರೆ ಮಿಸ್ ಕೊಟ್ಟ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು ಎಂಬುದು ಅಲ್ಲಿಯವರೆಗೆ ಶಾಲೆ ಅವನಿಗೆ ಕಲಿಸಿದ ನಿಯಮ.

ಹಾಲಿನ ಲೆಕ್ಕ ಮತ್ತು ನನ್ನ ಷರಾ

ಅದೇ ವಾರ ಒಂದು ಕಿರುಪರೀಕ್ಷೆ ಮಾಡಿದೆ. ಅದರಲ್ಲಿದ್ದ ಒಂದು ಪ್ರಶ್ನೆ ಹೀಗಿತ್ತು:

‘ಲೀಟರಿಗೆ 32 ರೂ.ಗಳಂತೆ ಪ್ರತಿದಿನ 6 ಲೀಟರ್ ಹಾಲನ್ನು ಮಾರಾಟ ಮಾಡುವ ರೈತನೊಬ್ಬನು 15 ದಿನಗಳಲ್ಲಿ ಗಳಿಸುವ ಒಟ್ಟು ಹಣದಲ್ಲಿ 1,150 ರೂ.ಗಳನ್ನು ಪಶು ಆಹಾರಕ್ಕಾಗಿ ವೆಚ್ಚ ಮಾಡಿದರೆ ಅವನಲ್ಲಿ ಉಳಿಯುವ ಹಣವೆಷ್ಟು?’

ಮೂರನೇ ಸಾಲಿನ ಒಬ್ಬ ಹುಡುಗಿ 32, 6, 15, 1,150 ಎಲ್ಲವನ್ನೂ ಒಂದರ ಕೆಳಗೊಂದು ಬರೆದು ಕೂಡಿ, 1,203 ಎಂದು ಅಚ್ಚುಕಟ್ಟಾಗಿ ಎರಡು ಗೆರೆ ಎಳೆದಿದ್ದಳು. ಉಳಿದ ಲೆಕ್ಕಗಳೂ ಹಾಗೆಯೇ. ನನ್ನ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ನಿಧಾನ ಕಲಿಕೆ, ಮೂಲಕ್ರಿಯೆಗಳಲ್ಲಿ ಪರಿಹಾರ ಬೋಧನೆ ಅಗತ್ಯ’ ಎಂದು ಬರೆದೆ.

ಎರಡು ದಿನದ ನಂತರ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅವಳು ಗೆಳತಿಯೊಂದಿಗೆ ಡೈರಿಯ ವಿಷಯ ಮಾತನಾಡುತ್ತಿದ್ದಳು. ಸಂಜೆ ಹಾಲು ಹಾಕಲು ಹೋಗುವವಳು ಅವಳೇ. "ನಿಮ್ಮನೆದು ಈ ಸಲ ಬಟವಾಡೆ ಎಷ್ಟು ಬರುತ್ತೆ?" ಎಂದು ಸುಮ್ಮನೆ ಕೇಳಿದೆ. ಅವಳು ಬೆರಳು ಮಡಚುತ್ತಾ ಹೇಳತೊಡಗಿದಳು: "ಬೆಳಗ್ಗೆ ನಾಕು, ಸಂಜೆ ಮೂರು, ಏಳು ಲೀಟ್ರು. ಮೂವತ್ತೆರಡರ ಹಂಗೆ ಅಂದ್ರೆ ಏಳು ಮೂವತ್ಲು ಇನ್ನೂರ ಹತ್ತು, ಏಳೆರಡ್ಲ ಹದಿನಾಕು, ಇನ್ನೂರ ಇಪ್ಪತ್ನಾಕು. ಹತ್ತು ದಿನಕ್ಕೆ ಎರಡು ಸಾವಿರದ ಇನ್ನೂರ ನಲವತ್ತು. ಇನ್ನೈದು ದಿನಕ್ಕೆ ಅದರರ್ಧ, ಸಾವಿರದ ನೂರ ಇಪ್ಪತ್ತು. ಮೂರು ಸಾವಿರದ ಮುನ್ನೂರ ಅರವತ್ತು. ಫೀಡ್ಸ್ ಚೀಲದ್ದು ಹಿಡ್ಕೊತಾರೆ ಮಿಸ್, ಸಾವಿರದ ನೂರೈವತ್ತು. ಕೈಗೆ ಎರಡು ಸಾವಿರದ ಇನ್ನೂರ ಹತ್ತು."

ಪರೀಕ್ಷೆಯಲ್ಲಿ ನಾನು ಕೇಳಿದ್ದೂ ಇದೇ ಲೆಕ್ಕ. ಅಲ್ಲಿ 6 ಲೀಟರ್ ಇತ್ತು, ಇಲ್ಲಿ 7. ವಿತರಣಾ ನಿಯಮ, ದ್ವಿಗುಣ–ಅರ್ಧ, ಹಂತಗಳ ಕ್ರಮ ಎಲ್ಲವೂ ಅವಳಿಗೆ ಗೊತ್ತಿತ್ತು. ಮೂಲಕ್ರಿಯೆಗಳಲ್ಲಿ ಪರಿಹಾರ ಬೋಧನೆ ಬೇಕಾಗಿದ್ದದ್ದು ಅವಳಿಗಲ್ಲ.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ ಕ್ಯಾರಹರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವು ತರಗತಿಯಲ್ಲಿ ಓದಿದ್ದೆವು. ವ್ಯಾಪಾರ ಮಾಡುತ್ತಾ ಬಾಯಲ್ಲೇ ಸರಿಯಾಗಿ ಲೆಕ್ಕ ಹಾಕುವ ಮಕ್ಕಳು, ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ಬಹಳಷ್ಟು ತಪ್ಪು ಮಾಡಿದ್ದರು. ಪರೀಕ್ಷೆಗೆಂದು ಟಿಪ್ಪಣಿ ಮಾಡಿಕೊಂಡಿದ್ದ ಆ ಸಾಲು ಬಿಸಿಯೂಟದ ಜಗಲಿಯ ಮೇಲೆ ನನ್ನೆದುರೇ ಕುಳಿತಿತ್ತು.

ಎಲ್ಲಿ ಎಡವಿದರು ಎಂದು ತಿಳಿಯುವುದು

ಹಾಗಾದರೆ ಅವಳು ಎಡವಿದ್ದು ಎಲ್ಲಿ? ಇದನ್ನು ತಿಳಿಯಲು ಆಸ್ಟ್ರೇಲಿಯಾದ ನ್ಯೂಮನ್ 1977ರಲ್ಲಿ ಪ್ರಕಟಿಸಿದ ದೋಷ ವಿಶ್ಲೇಷಣಾ ವಿಧಾನ ತುಂಬ ಉಪಯುಕ್ತ. ತಪ್ಪು ಮಾಡಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ರಮವಾಗಿ ಐದು ವಿಷಯ ಕೇಳಬೇಕು:

1. ಲೆಕ್ಕವನ್ನು ಓದಿ ಹೇಳು. (ಓದು)
2. ಏನನ್ನು ಕಂಡುಹಿಡಿಯಬೇಕು ಎಂದು ನಿನ್ನ ಮಾತಿನಲ್ಲಿ ಹೇಳು. (ಗ್ರಹಿಕೆ)
3. ಉತ್ತರ ಕಂಡುಹಿಡಿಯಲು ಏನು ಮಾಡುತ್ತೀಯಾ? (ಗಣಿತಕ್ಕೆ ರೂಪಾಂತರ)
4. ಮಾಡಿ ತೋರಿಸು. (ಲೆಕ್ಕಾಚಾರ)
5. ಈಗ ಉತ್ತರವನ್ನು ಬರೆ. (ಉತ್ತರದ ನಿರೂಪಣೆ)

ಮಗು ಯಾವ ಪ್ರಶ್ನೆಯಲ್ಲಿ ಮೊದಲು ನಿಲ್ಲುತ್ತದೆಯೋ ಅಲ್ಲಿ ನಮ್ಮ ಬೋಧನೆ ಶುರುವಾಗಬೇಕು. ತಪ್ಪು ಮಾಡಿದ ಕೆಲವು ಮಕ್ಕಳನ್ನು ಬಿಡುವಿನ ವೇಳೆಯಲ್ಲಿ ಹೀಗೆ ಒಬ್ಬೊಬ್ಬರಾಗಿ ಕೇಳಿದೆ. ಲೆಕ್ಕಾಚಾರದ ಹಂತದಲ್ಲಿ ಮೊದಲು ಎಡವಿದವರು ಕಡಿಮೆ. ಹೆಚ್ಚಿನವರು ನಿಂತದ್ದು ಎರಡನೆಯ ಅಥವಾ ಮೂರನೆಯ ಪ್ರಶ್ನೆಯಲ್ಲಿ. ಆ ಹುಡುಗಿ ಹಾಲಿನ ಲೆಕ್ಕವನ್ನು ತಡವರಿಸದೆ ಓದಿದಳು. ಏನು ಕೇಳಿದ್ದಾರೆ ಎಂದರೆ, "ರೈತ... ಒಟ್ಟು ಹಣ" ಎಂದು ನಿಲ್ಲಿಸಿದಳು. ವಾಕ್ಯದ ನಡುವೆ ಅವಳಿಗೆ ದಾರಿ ತಪ್ಪಿತ್ತು.

ಲೆಕ್ಕದ ಕನ್ನಡ

ಇಲ್ಲಿ ನಾವು ಕನ್ನಡ ಮಾಧ್ಯಮದ ಗಣಿತ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಕೆಲವು ಅಂಶಗಳಿವೆ. ಮಾತೃಭಾಷೆಯಲ್ಲೇ ಇದೆಯಲ್ಲ, ಅರ್ಥವಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಲೆಕ್ಕದ ಕನ್ನಡ ಮನೆಯ ಕನ್ನಡವಲ್ಲ.

ಮೊದಲನೆಯದು ಉದ್ದ ವಾಕ್ಯ. ‘ಮಾರಾಟ ಮಾಡುವ ರೈತನು ಗಳಿಸುವ ಹಣದಲ್ಲಿ ವೆಚ್ಚ ಮಾಡಿದರೆ ಉಳಿಯುವ ಹಣ’ ಎಂದು ಒಂದೇ ವಾಕ್ಯದಲ್ಲಿ ನಾಲ್ಕು ಘಟನೆಗಳನ್ನು ಪೋಣಿಸಿದ್ದೇವೆ. ಕನ್ನಡದಲ್ಲಿ ಮುಖ್ಯ ಪದ ಕೊನೆಗೆ ಬರುವುದರಿಂದ ಪ್ರಶ್ನೆ ಏನೆಂದು ತಿಳಿಯುವವರೆಗೆ ಮಗು ಎಲ್ಲ ಸಂಖ್ಯೆಗಳನ್ನೂ ನೆನಪಿನಲ್ಲಿ ಹಿಡಿದಿರಬೇಕು. ಅದೇ ಲೆಕ್ಕವನ್ನು ಬಿಡಿಸಿ ಬರೆದರೆ: ‘ಒಬ್ಬ ರೈತ ದಿನಕ್ಕೆ 6 ಲೀಟರ್ ಹಾಲು ಮಾರುತ್ತಾನೆ. ಒಂದು ಲೀಟರಿಗೆ 32 ರೂ. ಸಿಗುತ್ತದೆ. ಹೀಗೆ 15 ದಿನ ಮಾರಿದ. ಬಂದ ಹಣದಲ್ಲಿ 1,150 ರೂ. ಕೊಟ್ಟು ಪಶು ಆಹಾರ ತಂದ. ಈಗ ಎಷ್ಟು ಉಳಿಯಿತು?’ ಗಣಿತ ಬದಲಾಗಿಲ್ಲ, ಉತ್ತರ 1,730 ರೂಪಾಯಿಯೇ.

ಎರಡನೆಯದು ವಿಭಕ್ತಿ ಪ್ರತ್ಯಯ. ‘ರಾಜು ಸೋಮನಿಗೆ 8 ಗೋಲಿ ಕೊಟ್ಟ’ ಮತ್ತು ‘ರಾಜುವಿಗೆ ಸೋಮ 8 ಗೋಲಿ ಕೊಟ್ಟ’ ಇವೆರಡರಲ್ಲಿ ಹೆಸರುಗಳ ಕ್ರಮ ಒಂದೇ, ಅರ್ಥ ತಿರುಗುಮುರುಗು. ಅರ್ಥವೆಲ್ಲ ಇರುವುದು ‘ಗೆ’ ಎಂಬ ಒಂದು ಅಕ್ಷರದಲ್ಲಿ. ‘ಕಿಲೋಗೆ 40 ರೂಪಾಯಿ’, ‘40 ರೂಪಾಯಿಗೆ 2 ಕಿಲೋ’ ಎಂಬಲ್ಲಿಯೂ ಹಾಗೆಯೇ. ಸಂಖ್ಯೆಗಳ ಮೇಲೆ ಕಣ್ಣು ಹಾಯಿಸಿ ಓಡುವ ಮಗು ಪ್ರತ್ಯಯವನ್ನು ನೋಡುವುದೇ ಇಲ್ಲ.

ಮೂರನೆಯದು ಪುಸ್ತಕದ ಪದಗಳು. ‘ನಾಲ್ವರಿಗೆ ತಲಾ 5 ಪೆನ್ಸಿಲ್ ಕೊಟ್ಟರೆ’ ಎಂಬ ಲೆಕ್ಕದಲ್ಲಿ ಒಬ್ಬ ಹುಡುಗ ‘ತಲಾ’ ಎಂಬುದು ಯಾರದೋ ಹೆಸರು ಎಂದುಕೊಂಡಿದ್ದ. ನಾಲ್ಕು ಜನ ಮತ್ತು ತಲಾ, ಒಟ್ಟು ಐವರು! ಮನೆಯಲ್ಲಿ ನಾವು ‘ಒಬ್ಬೊಬ್ಬರಿಗೆ ಐದೈದು’ ಎನ್ನುತ್ತೇವೆ. ‘32 ರೂ.ಗಳಂತೆ’ ಎಂಬುದನ್ನು ‘ಮೂವತ್ತೆರಡರ ಹಂಗೆ’ ಎನ್ನುತ್ತೇವೆ. ‘ವೆಚ್ಚ’, ‘ದರ’, ‘ಕ್ರಮವಾಗಿ’, ‘ಅಂತರ’ ಇವೂ ಇದೇ ಸಾಲಿಗೆ ಸೇರುತ್ತವೆ. ಈ ಪದಗಳನ್ನು ಸುಳಿವುಗಳೆಂದು ಕಲಿಸದೆ, ಅರ್ಥವಿರುವ ಪದಗಳೆಂದು ಕಲಿಸಬೇಕು: ಮನೆಯ ಮಾತು ಒಂದು ಕಡೆ, ಪುಸ್ತಕದ ಮಾತು ಇನ್ನೊಂದು ಕಡೆ ಇಟ್ಟು.

ತರಗತಿಯಲ್ಲಿ ಮಾಡಿ ನೋಡಿದ ಐದು ಕ್ರಮಗಳು

ಸಮಸ್ಯೆ ಬಿಡಿಸುವಿಕೆ ಎಂದಾಗ ನಾವೆಲ್ಲ ಓದುವುದು ಜಾರ್ಜ್ ಪೋಲ್ಯ 1945ರ ತಮ್ಮ ಪುಸ್ತಕದಲ್ಲಿ ಹೇಳಿದ ನಾಲ್ಕು ಹಂತಗಳನ್ನು: ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಯೋಜನೆ ರೂಪಿಸುವುದು, ಅದನ್ನು ಕಾರ್ಯಗತಗೊಳಿಸುವುದು, ಹಿಂತಿರುಗಿ ನೋಡುವುದು. ನಮ್ಮ ತರಗತಿಗಳಲ್ಲಿ ಇದು ‘ದತ್ತ, ಕಂಡುಹಿಡಿಯಬೇಕಾದುದು, ಪರಿಹಾರ’ ಎಂಬ ಶೀರ್ಷಿಕೆಗಳಾಗಿ ಇಳಿದಿದೆ. ಮಕ್ಕಳು ‘ದತ್ತ’ದ ಕೆಳಗೆ ಇಡೀ ಲೆಕ್ಕವನ್ನು ನಕಲು ಮಾಡಿ, ಮತ್ತೆ ‘ಕೂಡೋದಾ?’ ಎಂದು ಕೇಳುತ್ತಾರೆ. ಹಂತಗಳ ಹೆಸರು ಬರೆಸಿದರೆ ಹಂತಗಳು ನಡೆಯುವುದಿಲ್ಲ. ಮೊದಲ ಮತ್ತು ಕೊನೆಯ ಹಂತಗಳಿಗೆ ನಿಜವಾದ ಕೆಲಸ ಕೊಡಬೇಕು. ನಾನು ಮಾಡಿ ನೋಡಿದವು ಇವು.

1. ಸಂಖ್ಯೆಯಿಲ್ಲದ ಲೆಕ್ಕ. ಹಾಲಿನ ಕಥೆಯನ್ನು ಒಂದೂ ಸಂಖ್ಯೆಯಿಲ್ಲದೆ ಹೇಳಿದೆ: "ಒಬ್ಬ ರೈತ ದಿನಾ ಡೈರಿಗೆ ಹಾಲು ಹಾಕ್ತಾನೆ. ಬಟವಾಡೆಯಲ್ಲಿ ಪಶು ಆಹಾರದ ದುಡ್ಡು ಹಿಡಿದುಕೊಂಡು ಉಳಿದದ್ದು ಕೊಡ್ತಾರೆ. ಕೈಗೆ ಎಷ್ಟು ಬರುತ್ತೆ ಅಂತ ತಿಳಿಯಲು ನಮಗೆ ಏನೇನು ಗೊತ್ತಿರಬೇಕು?" ಕೂಡಲು, ಕಳೆಯಲು ಸಂಖ್ಯೆಗಳೇ ಇಲ್ಲದ್ದರಿಂದ ಮಕ್ಕಳು ಕಥೆಯ ಬಗ್ಗೆಯೇ ಯೋಚಿಸಬೇಕಾಯಿತು. "ಎಷ್ಟು ಲೀಟ್ರು", "ಲೀಟ್ರಿಗೆ ಎಷ್ಟು", "ಎಷ್ಟು ದಿನದ್ದು", "ಎಷ್ಟು ಚೀಲ ಫೀಡ್ಸ್" ಎಂದು ಒಂದೊಂದಾಗಿ ಬಂದವು. "ಫ್ಯಾಟ್ ಎಷ್ಟು ಬಂತು ಅಂತಲೂ ಬೇಕು ಮಿಸ್, ಅದರ ಮೇಲೆ ರೇಟು" ಎಂದಳು ಮೂರನೇ ಸಾಲಿನ ಆ ಹುಡುಗಿ. ಪಠ್ಯದ ಲೆಕ್ಕದಲ್ಲಿ ಫ್ಯಾಟ್ ಇರಲಿಲ್ಲ. ‘ಈ ಲೆಕ್ಕದಲ್ಲಿ ದಿನವೂ ಒಂದೇ ಬೆಲೆ ಎಂದು ಇಟ್ಟುಕೊಳ್ಳೋಣ’ ಎಂದು ಹಲಗೆಯ ಮೇಲೆ ಬರೆಯಬೇಕಾಯಿತು. ಲೆಕ್ಕವೆಂದರೆ ವಾಸ್ತವದಿಂದ ಕೆಲವನ್ನು ಬಿಟ್ಟು ಕೆಲವನ್ನು ಇಟ್ಟುಕೊಂಡದ್ದು ಎಂಬ ಮಾತು ಹೀಗೆ ತಾನಾಗಿ ಬಂತು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುವ ‘ಮಗುವಿನ ಆಲೋಚನೆಯ ಗಣಿತೀಕರಣ’ ಎಂಬುದಕ್ಕೆ ನನಗೆ ಸಿಕ್ಕ ಉದಾಹರಣೆ ಇದು. ಆಮೇಲೆ ಸಂಖ್ಯೆಗಳನ್ನು ಕೊಟ್ಟೆ. ‘ಕೂಡೋದಾ’ ಎಂದು ಕೇಳಿದವರು ಅಂದು ಕಡಿಮೆ.

2. ಪಟ್ಟಿ ಚಿತ್ರ. ಹೋಲಿಕೆಯ ಲೆಕ್ಕಗಳಲ್ಲಿ ಸುಳಿವು ಪದ ಅತಿ ಹೆಚ್ಚು ಮೋಸ ಮಾಡುತ್ತದೆ. ‘ಲತಾಳ ಬಳಿ 45 ಮಣಿಗಳಿವೆ. ಇವು ಗೀತಾಳ ಬಳಿ ಇರುವುದಕ್ಕಿಂತ 12 ಹೆಚ್ಚು. ಗೀತಾಳ ಬಳಿ ಎಷ್ಟು?’ ‘ಹೆಚ್ಚು’ ಎಂದಿದ್ದರಿಂದ ಮಕ್ಕಳು 57 ಎನ್ನುತ್ತಾರೆ. ಹಳೆಯ ಪತ್ರಿಕೆಯಿಂದ ಎರಡು ಪಟ್ಟಿ ಕತ್ತರಿಸಿ, "ಯಾವುದು ಉದ್ದ, ಲತಾಳದ್ದೋ ಗೀತಾಳದ್ದೋ?" ಎಂದಷ್ಟೇ ಕೇಳಿದೆ. ಲತಾಳದ್ದು ಎಂದು ಒಪ್ಪಿದ ಮೇಲೆ, ಅವಳ ಪಟ್ಟಿಯ ಮೇಲೆ 45, ಹೊರಚಾಚಿದ ತುಂಡಿನ ಮೇಲೆ 12 ಬರೆದರು. ಉಳಿದ ತುಂಡು 33 ಎಂಬುದನ್ನು ಹೇಳಿಕೊಡಬೇಕಾಗಲಿಲ್ಲ. ಸಿಂಗಾಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಿಂದ ಈ ವಿಧಾನ ಬಳಕೆಯಲ್ಲಿದೆ. ಭಿನ್ನರಾಶಿಗೂ ಇದು ಒಗ್ಗುತ್ತದೆ. ‘ಪುಸ್ತಕದ ಐದನೇ ಮೂರು ಭಾಗ ಓದಿಯಾಗಿದೆ, ಇನ್ನೂ 48 ಪುಟ ಉಳಿದಿವೆ, ಒಟ್ಟು ಎಷ್ಟು ಪುಟ?’ ಎಂಬಲ್ಲಿ ಪಟ್ಟಿಯನ್ನು ಐದು ಮಡಿಕೆ ಮಾಡಿದರೆ ಎರಡು ಮಡಿಕೆ 48, ಒಂದು ಮಡಿಕೆ 24, ಐದು ಮಡಿಕೆ 120. ಒಂದು ಎಚ್ಚರಿಕೆ: ಕೆಲವು ಮಕ್ಕಳು ಮೊದಲು ಲೆಕ್ಕ ಮಾಡಿ, ನಂತರ ಅಲಂಕಾರಕ್ಕೆಂದು ಪಟ್ಟಿ ಬರೆಯುತ್ತಾರೆ. ಸಂಖ್ಯೆ ಬರೆಯುವ ಮೊದಲು ‘ಯಾವುದು ಉದ್ದ, ಏಕೆ?’ ಎಂದು ಕೇಳದಿದ್ದರೆ ಪಟ್ಟಿಯೂ ಇನ್ನೊಂದು ಶೀರ್ಷಿಕೆಯಾಗಿಬಿಡುತ್ತದೆ.

3. ಒಂದು ಕಥೆ, ಮೂರು ಪ್ರಶ್ನೆ. ಗಂಗಾಳ ಬಳಿ 225 ರೂ. ಇತ್ತು, 85 ಖರ್ಚಾಯಿತು, 140 ಉಳಿಯಿತು. ಈ ಕಥೆಯಲ್ಲಿ ಒಂದೊಂದೇ ಸಂಖ್ಯೆಯನ್ನು ಕೈಯಿಂದ ಮುಚ್ಚಿದರೆ ಮೂರು ಲೆಕ್ಕಗಳಾಗುತ್ತವೆ: ಉಳಿದದ್ದೆಷ್ಟು, ಖರ್ಚಾದದ್ದೆಷ್ಟು, ಮೊದಲಿದ್ದದ್ದೆಷ್ಟು. ಪದಗಳು ಅವೇ, ಕ್ರಿಯೆ ಮಾತ್ರ ಬೇರೆ. ಪಠ್ಯಪುಸ್ತಕಗಳಲ್ಲಿ ಮೊದಲನೆಯ ಬಗೆಯವೇ ಹೆಚ್ಚು ಸಿಗುವುದರಿಂದ ಉಳಿದೆರಡನ್ನು ನಾವೇ ಮಾಡಿಕೊಳ್ಳಬೇಕು. ಒಂದೇ ಕಥೆಯಾದ್ದರಿಂದ ಓದುವ ಸಮಯವೂ ಉಳಿಯುತ್ತದೆ.

4. ಉತ್ತರವನ್ನು ಕಥೆಗೆ ಹಿಂತಿರುಗಿಸುವುದು. 55 ಎಂದು ಬರೆದ ಮಕ್ಕಳಿಗೆ ತಪ್ಪು ಎನ್ನದೆ, ಉತ್ತರ ಸೇರಿಸಿ ಕಥೆ ಓದಲು ಹೇಳಿದೆ: "ಗಂಗಾಳ ಹತ್ತಿರ 55 ರೂಪಾಯಿ ಇತ್ತು. ಅದರಲ್ಲಿ 85 ಖರ್ಚು ಮಾಡಿದಳು..." ಅಷ್ಟರಲ್ಲಿ ತರಗತಿ ನಕ್ಕಿತು, ಓದುತ್ತಿದ್ದವನೂ ನಕ್ಕು ಅಳಿಸಿದ. ಬಸ್ಸಿನ ಲೆಕ್ಕವನ್ನು ಶಾಲಾ ಪ್ರವಾಸದ ಕಥೆಯಾಗಿಸಿ, 130 ಮಕ್ಕಳಿಗೆ 40 ಸೀಟಿನ ಎಷ್ಟು ಬಸ್ಸು ಎಂದು ಕೇಳಿದಾಗ, ‘3, ಶೇಷ 10’ ಎಂದವರನ್ನು ಇತರ ಮಕ್ಕಳೇ, "ಆ ಹತ್ತು ಜನ ನಡ್ಕೊಂಡು ಬರ್ತಾರಾ?" ಎಂದು ಕೇಳಿದರು.

5. ಮಕ್ಕಳೇ ಲೆಕ್ಕ ಕಟ್ಟುವುದು. ವಾರಕ್ಕೊಮ್ಮೆ ಮನೆಯ ಡೈರಿ ಪುಸ್ತಕ, ಅಂಗಡಿ ಚೀಟಿ, ಬಸ್ ಟಿಕೆಟ್ ಯಾವುದನ್ನಾದರೂ ತಂದು ಒಂದು ಲೆಕ್ಕ ಬರೆಯುವುದು, ಪಕ್ಕದವರು ಬಿಡಿಸುವುದು. ಮೊದಲ ವಾರ ಬಂದ ಹಲವು ಲೆಕ್ಕಗಳಲ್ಲಿ ಪ್ರಶ್ನೆಯೇ ಇರಲಿಲ್ಲ. ಕೆಲವದರಲ್ಲಿ ಬೇಕಾದ ಸಂಖ್ಯೆ ಇರಲಿಲ್ಲ. ಅದನ್ನು ಪಕ್ಕದವರೇ ಕಂಡುಹಿಡಿದು ಜಗಳವಾಡಿದರು. ನಾನು ಗಂಟೆಗಟ್ಟಲೆ ವಿವರಿಸಿದ್ದರೂ ‘ದತ್ತ’ದ ಅರ್ಥ ಅಷ್ಟು ತಿಳಿಯುತ್ತಿರಲಿಲ್ಲ.

ಇದೆಲ್ಲ ಹೊಸದೇನಲ್ಲ. ಹೇಳಿಕೆ ಲೆಕ್ಕಗಳ ದೊಡ್ಡ ಪರಂಪರೆ ನಮ್ಮ ನೆಲದಲ್ಲೇ ಇದೆ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’, 1150ರ ಭಾಸ್ಕರಾಚಾರ್ಯನ ‘ಲೀಲಾವತಿ’, ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ರಚಿಸಿದ ‘ವ್ಯವಹಾರಗಣಿತ’ ಇವುಗಳಲ್ಲಿ ವ್ಯಾಪಾರ, ಬಡ್ಡಿ, ಅಳತೆಗಳ ಲೋಕವೇ ಲೆಕ್ಕವಾಗಿದೆ. ರಾಜಾದಿತ್ಯನಿಗೆ ಎಟುಕಿದ ಸುತ್ತಲಿನ ವ್ಯವಹಾರ ನಮ್ಮ ಪಾಠಯೋಜನೆಗೂ ಎಟುಕಬೇಕು.

ತೊಡಕುಗಳು

ಸಮಯದ ಮಾತನ್ನು ಮರೆಮಾಚುವುದು ಸರಿಯಲ್ಲ. 40 ನಿಮಿಷದ ಅವಧಿಗೆ ಎಂಟು ಲೆಕ್ಕ ಯೋಜಿಸಿದ್ದೆ, ಮಾಡಲಾದದ್ದು ಎರಡು. ತರಗತಿಯ ಶಿಕ್ಷಕಿ, "ಹೀಗೆ ಮಾಡಿದ್ರೆ ಪೋರ್ಷನ್ ಮುಗಿಯಲ್ಲಮ್ಮ" ಎಂದದ್ದು ನ್ಯಾಯವಾಗಿಯೇ ಇತ್ತು. ಒಂದು ಕಥೆ, ಮೂರು ಪ್ರಶ್ನೆ ಎಂಬ ಕ್ರಮ ಹುಟ್ಟಿದ್ದೇ ಈ ಒತ್ತಡದಿಂದ. ಎಲ್ಲ ಲೆಕ್ಕಕ್ಕೂ ಐದೂ ಕ್ರಮ ಬೇಕಿಲ್ಲ. ಘಟಕದ ಆರಂಭದಲ್ಲಿ ಒಂದೆರಡು ಲೆಕ್ಕಗಳನ್ನು ನಿಧಾನವಾಗಿ ಮಾಡಿದರೆ, ನಂತರದ ಅಭ್ಯಾಸದಲ್ಲಿ ಸ್ವಲ್ಪ ಸಮಯ ಹಿಂದಕ್ಕೆ ಸಿಗುತ್ತದೆ.

ಇನ್ನೊಂದು ತೊಡಕು ಹೆಚ್ಚು ಗಂಭೀರವಾದದ್ದು. ನನ್ನ ಷರಾವನ್ನು ತಿದ್ದಿ, ‘ಬಾಯಿಲೆಕ್ಕದಲ್ಲಿ ಉತ್ತಮ, ಉದ್ದ ವಾಕ್ಯದ ಗ್ರಹಿಕೆಗೆ ನೆರವು ಬೇಕು’ ಎಂದು ಬರೆದು ಶಿಕ್ಷಕಿಗೆ ತೋರಿಸಿದೆ. ಅವರು ಓದಿ, "ಸರಿ. ಆದ್ರೆ ಪರೀಕ್ಷೆ ಪೇಪರ್ ಅವಳಿಗೆ ಬಿಡಿಸಿ ಬರೆದು ಕೊಡೋರು ಯಾರು?" ಎಂದರು. ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ನಾನು ಲೆಕ್ಕದ ಭಾಷೆಯನ್ನು ಸುಲಭಗೊಳಿಸಿ ಅಲ್ಲಿಗೇ ನಿಲ್ಲಿಸಿದ್ದೆ. ಆದರೆ ಮುಂದೆ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯವರೆಗೂ ಅವಳಿಗೆ ಎದುರಾಗುವುದು ಆ ಉದ್ದ ವಾಕ್ಯವೇ.

ಹಾಗಾಗಿ ಕೊನೆಯ ಎರಡು ವಾರ ಕೆಲಸವನ್ನು ಮಕ್ಕಳಿಗೇ ವಹಿಸಿದೆ. ಪುಸ್ತಕದ ಉದ್ದ ವಾಕ್ಯವನ್ನು ಅವರೇ ಸಣ್ಣ ವಾಕ್ಯಗಳಾಗಿ ಒಡೆಯುವುದು, ‘ಇಲ್ಲಿ ಯಾರು, ಏನು, ಯಾರಿಗೆ’ ಎಂದು ಪ್ರತ್ಯಯದ ಕೆಳಗೆ ಗೆರೆ ಎಳೆಯುವುದು, ಆಮೇಲೆ ಅವೇ ಸಣ್ಣ ವಾಕ್ಯಗಳನ್ನು ಮತ್ತೆ ಪುಸ್ತಕದ ವಾಕ್ಯವಾಗಿ ಕೂಡಿಸುವುದು. ಕನ್ನಡ ಅವಧಿಯ ಶಿಕ್ಷಕರೂ ಒಂದು ದಿನ ಇದನ್ನೇ ವ್ಯಾಕರಣದ ಅಭ್ಯಾಸವಾಗಿ ತೆಗೆದುಕೊಂಡರು. ಕೊನೆಯ ಘಟಕ ಪರೀಕ್ಷೆಯಲ್ಲಿ ವಾಕ್ಯ ಒಡೆಯದೆ, ಪುಸ್ತಕದ ಭಾಷೆಯಲ್ಲೇ ಐದು ಹೇಳಿಕೆ ಲೆಕ್ಕ ಕೊಟ್ಟೆ. ಆ ಹುಡುಗಿಗೆ ಮೂರು ಸರಿ ಬಂದವು. ನಾಲ್ಕನೆಯದರಲ್ಲಿ ವಾಕ್ಯವನ್ನು ಸರಿಯಾಗಿ ಒಡೆದು, ಒಂದು ಹಂತ ಬಿಟ್ಟಿದ್ದಳು. ಐದನೆಯದನ್ನು ಮುಟ್ಟಿರಲಿಲ್ಲ. ಎಲ್ಲ ಸಂಖ್ಯೆಗಳನ್ನೂ ಒಂದರ ಕೆಳಗೊಂದು ಬರೆದು ಕೂಡಿದ್ದು ಮಾತ್ರ ಎಲ್ಲಿಯೂ ಇರಲಿಲ್ಲ.

ಮುಂದಿನ ತಂಡದವರಿಗೆ

ಬೋಧನಾಭ್ಯಾಸಕ್ಕೆ ಹೊರಡುವ ಕಿರಿಯರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಸುಳಿವು ಪದಗಳ ಚಾರ್ಟ್ ಮಾಡಬೇಡಿ. ಮಾಡಲೇಬೇಕೆಂದರೆ ಮನೆಯ ಮಾತು–ಪುಸ್ತಕದ ಮಾತುಗಳ ಚಾರ್ಟ್ ಮಾಡಿ. ‘ಕೂಡೋದಾ, ಕಳೆಯೋದಾ’ ಎಂದು ಕೇಳಿದಾಗ, ‘ಕಥೆಯಲ್ಲಿ ಏನಾಯಿತು, ಹೇಳು’ ಎಂದು ಮರುಪ್ರಶ್ನೆ ಹಾಕಿ ಕಾಯಿರಿ. ಆ ಕಾಯುವಿಕೆ ಮೊದಲ ದಿನಗಳಲ್ಲಿ ಬಹಳ ಕಷ್ಟ, ಹಿಂದೆ ವೀಕ್ಷಕರು ಕುಳಿತಿರುವಾಗ ಇನ್ನೂ ಕಷ್ಟ. ಒಂದು ಮಗುವಿನ ಹೆಸರಿನ ಮುಂದೆ ಷರಾ ಬರೆಯುವ ಮೊದಲು ನ್ಯೂಮನ್‌ನ ಐದು ಪ್ರಶ್ನೆಗಳನ್ನು ಆ ಮಗುವಿಗೆ ಕೇಳಿ. ಹತ್ತು ನಿಮಿಷದ ಕೆಲಸ ಅದು.

ನಾವು ಕೆಲವು ವಾರ ಇದ್ದು ಬರುತ್ತೇವೆ. ನಾವು ಬರೆದ ದಾಖಲೆ ಶಾಲೆಯಲ್ಲಿ ಉಳಿಯುತ್ತದೆ.